ಟಗರು ಗುದ್ದಿದ ಬಾಗಿಲು

ಬಂಗಾರಪ್ಪನವರ ಮುಂಬಾಗಿಲು ಮೊದಲ ಸಲ ನಮ್ಮ ಮನೆಗೆ ಬಂದಾಗ ಅದಕ್ಕೆ ಹೊದಿಸಿದ್ದ ರಗ್ಗು ನನ್ನ ಮಗಳು ಹೊದೆಯುವ ರಗ್ಗಿಗಿಂತ ಚೆನ್ನಾಗಿತ್ತು. ಟೆಂಪೊದಿಂದ ನಾಲ್ಕು ಜನ ಅದನ್ನು ಇಳಿಸುತ್ತಿದ್ದರೆ ಬಂಗಾರಪ್ಪನವರು ಪಕ್ಕದಲ್ಲಿ ನಡೆಯುತ್ತಾ "ಹುಷಾರ್ರೋ, ಹುಷಾರು" ಎಂದು ಕೈ ಆಡಿಸುತ್ತಿದ್ದರು. ಆಸ್ಪತ್ರೆಯ ಮುಂದೆ ತುಂಬು ಬಸುರಿಯನ್ನೂ ನಮ್ಮ ಕಡೆ ಇಷ್ಟು ಜೋಪಾನವಾಗಿ ಯಾರೂ ಇಳಿಸುವುದಿಲ್ಲ.

ಹೊಸಹಳ್ಳಿಯ ಆಚೆ ಅವರ ಬೆದ್ದಲು ಹೊಲದಲ್ಲಿ ಗಾಳಿಯಂತ್ರದ ಕಂಬಗಳು ಎದ್ದು ಕಂಪನಿಯ ದುಡ್ಡು ಬಂದ ಮೇಲೆ ಅವರು ಬಂಗಾರಪ್ಪನವರಾದರು. ಅಲ್ಲಿಯವರೆಗೆ ಕುರಿ ಬಂಗಾರಪ್ಪ. ಈಗ ಕುರಿ ಇಲ್ಲ, ಕುರಿ ಕೂಡುವ ರೊಪ್ಪ ಇಲ್ಲ. ರೊಪ್ಪ ಇದ್ದ ಜಾಗದಲ್ಲಿ ಎರಡಂತಸ್ತಿನ ಮನೆ. ಅದಕ್ಕೆ ಹುಬ್ಬಳ್ಳಿಯಿಂದ ತರಿಸಿದ, ಮಷಿನ್ ಕೆತ್ತನೆಯ ತೇಗದ ಬಾಗಿಲು. ಮೇಲೆ ಎರಡು ಆನೆ, ಆನೆಗಳ ನಡುವೆ ನವಿಲು, ನವಿಲಿನ ಸುತ್ತ ಕಮಲ, ಕಮಲದ ಸುತ್ತ ಜಾಗ ಉಳಿಯಿತಲ್ಲ ಎಂದು ಬಳ್ಳಿ. ಆನೆಗೂ ನವಿಲಿಗೂ ಒಂದೇ ನಮೂನೆಯ ಕಣ್ಣು. ಕೆಳಗಿನ ಅರ್ಧ ಮಾತ್ರ, ನನ್ನ ಪುಣ್ಯ, ಬರಿ ಹಲಗೆ.

ಆ ಬರಿ ಹಲಗೆಯಲ್ಲೇ ತಗ್ಗು ಬಿದ್ದಿತ್ತು. ಮೊಣಕಾಲಿನ ಎತ್ತರದಲ್ಲಿ, ಅಕ್ಕಪಕ್ಕ ಎರಡು, ಬೋಗುಣಿಯ ತಳ ಒತ್ತಿದ ಹಾಗೆ. ತಗ್ಗಿನ ಮೇಲೆ ಕಂದು ಬಣ್ಣದ ಇನ್ನೊಂದು ಗುರುತು. ಮುಂದೆ ಚೂಪು, ಹಿಂದೆ ಅಗಲ. ಇಸ್ತ್ರಿ ಪೆಟ್ಟಿಗೆಯ ಆಕಾರ.

"ಇದೇನ್ರೀ ಇದು?" ಎಂದೆ.

"ಅದು ನಮ್ಮ ದುರುಗೇಶ ರಿಪೇರಿ ಮಾಡಿದ್ದು," ಎಂದರು ಬಂಗಾರಪ್ಪನವರು. ಮಗ ತಾಲೂಕಿಗೇ ಫಸ್ಟ್ ಬಂದ ಹಾಗೆ ಹೇಳಿದರು.

ದುರುಗೇಶ ಟೆಂಪೊದ ಮುಂದಿನ ಸೀಟಿನಿಂದ ಇಳಿದು ಬಂದ. ಮದುವೆ ಗೊತ್ತಾದ ಹುಡುಗ. ಕೈಯಲ್ಲಿ ಫೋನು ಬೆಳೆದೇ ಬಂದಂತಿತ್ತು. "ಫೋನ್ನಾಗ ನೋಡಿದ್ನಿ ಅಕ್ಕಾ. ತಗ್ಗು ಬಿದ್ದಲ್ಲಿ ಇಸ್ತ್ರಿ ಪೆಟಿಗಿ ಇಟ್ರ ಕಟಿಗಿ ಎದ್ದು ಬರತೈತಿ ಅಂತ ತೋರಿಸಿದ್ರು."

"ಒದ್ದಿ ಬಟ್ಟಿ ಹಾಕಿದ್ದೇನಪ್ಪ ಕೆಳಗ?"

"ಅದೇನೋ ಹೇಳಾಕಹತ್ತಿದ್ದ. ಅಷ್ಟರಾಗ ಜಾಹೀರಾತು ಬಂತು."

"ಪಾಲಿಷ್ ಕೆರೆದು ತಗದಿದ್ದೇನು?"

"ಪಾಲಿಷ್ ಯಾಕ ತಗೀಬೇಕು? ಪಾಲಿಷ್ ಚೊಲೋ ಇತ್ತಲ್ಲ," ಎಂದ.

ನನ್ನ ಜಾಗದಲ್ಲಿ ಗಂಡ ಸರ್ಫರಾಜ ಇದ್ದಿದ್ದರೆ "ಪರವಾಗಿಲ್ಲ ಬಿಡ್ರಿ, ಹುಡುಗ್ರು" ಎಂದು ನಕ್ಕಿರುತ್ತಿದ್ದ. ಅವನು ಹರಪನಹಳ್ಳಿಯಲ್ಲಿ ಯಾರದೋ ಹೊಸ ಮನೆಗೆ ಕಿಟಕಿ ಕೂರಿಸುತ್ತಾ ವಾರಕ್ಕೊಮ್ಮೆ ಕೊಟ್ಟೂರಿಗೆ ಬರುತ್ತಾನೆ. ಮಾವ ಬುಡನ್ ಸಾಬರು ಬಿಟ್ಟುಹೋದ ಪಡಸಾಲೆಯ ಕಾರ್ಖಾನೆ, ಅಂದರೆ ಮರ ಮಲಗಿಸುವ ಎರಡು ಕುದುರೆ ಸ್ಟ್ಯಾಂಡು, ಒಂದು ಕಪಾಟು ಮತ್ತು ಎಂದೂ ಹೋಗದ ಥಿನ್ನರ್ ವಾಸನೆ, ನನ್ನ ಪಾಲಿಗೆ ಬಂದಿದೆ. ಹಲ್ಲು ಮುರಿದ ಬಾಚಣಿಗೆಯಂಥ ಕುರ್ಚಿ, ಕಾಲು ಕುಂಟುವ ಮಂಚ, ತಗ್ಗು ಬಿದ್ದ ಮೇಜು, ಎಲ್ಲ ನನ್ನ ಕೈಗೇ. ಬೆಳಿಗ್ಗೆ ಅನ್ನಕ್ಕಿಟ್ಟು ಉಪ್ಪುಕಾಗದ ಹಿಡಿದರೆ ಸಂಜೆ ರೊಟ್ಟಿಗೆ ಕೈ ತೊಳೆಯುವುದು. ಆದರೂ ಓಣಿಯವರು ನನ್ನ ಬಗ್ಗೆ "ಸೈಮಾ ಏನು, ಮನಿಯಾಗ ಇರ್ತಾಳಲ್ಲ" ಎನ್ನುತ್ತಾರೆ. ಮನೆಯಲ್ಲಿ ಮಾಡಿದ ಕೆಲಸ ಅವರ ಲೆಕ್ಕದಲ್ಲಿ ನಿದ್ದೆಗೆ ಸಮ.

"ಯಾರು ಹೊಡದಿದ್ರಿ ಬಾಗಿಲಿಗೆ?" ಎಂದು ಬಂಗಾರಪ್ಪನವರನ್ನು ಕೇಳಿದೆ.

"ಯಾರ ಹೊಡೀತಾರವ್ವ? ದೃಷ್ಟಿ. ಊರ ಮಂದಿ ಕಣ್ಣೆಲ್ಲ ನನ್ನ ಬಾಗಿಲ ಮ್ಯಾಲ ಐತಿ. ಬೆಳಿಗ್ಗಿ ಎದ್ದು ನೋಡಿದ್ರ ತಗ್ಗು! ನಿಂಬಿಹಣ್ಣು ಕಟ್ಟೀನಿ, ಕುಂಬಳಕಾಯಿ ಒಡದೀನಿ. ನೀವು ಕೆಲಸ ಮುಗಸ್ರಿ. ಹೊಳಪು ಹೆಂಗಿರಬೇಕಂದ್ರ, ಮಾರಿ ಕಾಣಬೇಕು. ಕನ್ನಡಿ ಆಗಬೇಕು."

ಅವರು ಹೋದ ಮೇಲೆ ಬಾಗಿಲನ್ನು ಸ್ಟ್ಯಾಂಡಿನ ಮೇಲೆ ಮಲಗಿಸಿ ನೋಡಿದೆ. ಹಲಗೆ ಚೌಕಟ್ಟಿಗೆ ಸೇರುವ ಸಂದಿಯಲ್ಲಿ ಕರಿ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ದೃಷ್ಟಿಗೆ ಉಣ್ಣೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಿತ್ತು ಎಸೆದೆ. ಕೇಳದಿದ್ದವರಿಗೆ ಹೇಳಲು ಹೋಗಿ ನಾನು ಮೊದಲೇ ಬೇಕಾದಷ್ಟು ಬೈಸಿಕೊಂಡಿದ್ದೇನೆ.

ಕೆಲಸ ಇಷ್ಟೇ. ತಗ್ಗು ಬಿದ್ದಲ್ಲಿ ಮರ ಎಲ್ಲಿಗೂ ಹೋಗಿರುವುದಿಲ್ಲ. ಒಳಗಿನ ನಾರು ಒತ್ತಿಕೊಂಡು, ಕುಂತ ಹಾಸಿಗೆಯ ಹತ್ತಿಯ ಹಾಗೆ ಅಲ್ಲೇ ಬಿದ್ದಿರುತ್ತದೆ. ಮೇಲಿನ ಪಾಲಿಷ್ ಪೂರ್ತಿ ಕೆರೆದು, ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಒದ್ದೆ ಬಟ್ಟೆ ಹಾಸಿ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಹಬೆ ಒಳಗೆ ಇಳಿಯುತ್ತದೆ. ನಾರು ನೀರು ಕುಡಿದು ಉಬ್ಬಿ ಮೇಲೇಳುತ್ತದೆ. ನಾರು ತುಂಡಾಗಿದ್ದರೆ ಮಾತ್ರ ಏನು ಮಾಡಿದರೂ ಇಲ್ಲ. ಇಲ್ಲಿ ತುಂಡಾಗಿರಲಿಲ್ಲ. ದುರುಗೇಶನ ಸುಟ್ಟ ಗುರುತು ಕೆರೆಯುವುದಕ್ಕೇ ತಗ್ಗು ಎತ್ತುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಕೋಟಿನ ಮೇಲೆ ಕೋಟು ಹೊಡೆದು, ತಿಕ್ಕಿ, ಮತ್ತೆ ಹೊಡೆದು ಕನ್ನಡಿ ಮಾಡಿಕೊಟ್ಟೆ. ಒಯ್ಯಲು ಬಂದ ದಿನ ಬಂಗಾರಪ್ಪನವರು ಅದರಲ್ಲಿ ನೋಡಿಕೊಂಡು ಮೀಸೆ ತೀಡಿಕೊಂಡರು. ನನ್ನ ಮಗಳು ಅಫ್ರೀನ್ ಕೂಡ ಜಡೆ ನೋಡಿಕೊಳ್ಳಲು ಹೋದಳು. "ಕೈ ಹಚ್ಚಬ್ಯಾಡವ್ವ ತಂಗಿ" ಎಂದರು.

ಮುಂದಿನ ವಾರ ಅದೇ ಬಾಗಿಲು ಮತ್ತೆ ಬಂತು. ಈ ಸಲ ರಗ್ಗು ಇರಲಿಲ್ಲ. ರಗ್ಗಿನ ಬದಲು ಟೆಂಪೊದ ಹಿಂದೆ, ಬಾಗಿಲ ಪಕ್ಕದಲ್ಲೇ, ಕಂಬಳಿ ಹೊದ್ದ ಒಬ್ಬ ಮುದುಕಿ ಕೂತಿದ್ದಳು. ಬಂಗಾರಪ್ಪನವರ ತಾಯಿ ಮೈಲಮ್ಮ.

ಹಲಗೆಯಲ್ಲಿ ಅದೇ ಜಾಗದಲ್ಲಿ, ಅದೇ ಎರಡು ತಗ್ಗು. ಈಗ ಇನ್ನೂ ಆಳ.

"ದೃಷ್ಟಿ ಏನ್ರಿ ಮತ್ತ?" ಎಂದೆ. ತಡೆಯಲಾಗಲಿಲ್ಲ.

"ಟಗರು!" ಎಂದರು ಬಂಗಾರಪ್ಪನವರು. "ನಮ್ಮನಿ ಟಗರು. ನನ್ನ ಕಣ್ಣಿಲೆ ಕಂಡೀನಿ. ಬೆಳಿಗ್ಗಿ ಬಿಸಲು ಬಾಗಿಲಿಗೆ ಬಿದ್ದಕೂಡ್ಲೆ ಅದಕ ಬಾಗಿಲಾಗ ಇನ್ನೊಂದ್ ಟಗರು ಕಾಣತೈತಿ. ಹಿಂದ ಹಿಂದ ಸರದು, ಓಡಿ ಬಂದು ಧಡ್ ಅಂತ ಗುದ್ದತೈತಿ. ಗುದ್ದಿ ಮತ್ತ ನೋಡತೈತಿ. ಅದು ಇನ್ನೂ ಅಲ್ಲೇ ಇರತೈತಿ. ಮತ್ತ ಗುದ್ದತೈತಿ."

"ಕಟ್ಟಿ ಹಾಕ್ರಿ."

"ಕಟ್ಟಂಗಿಲ್ಲವ್ವ," ಎಂದಳು ಮೈಲಮ್ಮ ಟೆಂಪೊದ ಮೇಲಿನಿಂದಲೇ. "ಬೀರಪ್ಪಗ ಬಿಟ್ಟಿದ್ದು. ಬಿಟ್ಟ ಮ್ಯಾಲ ಅದಕ ಹಗ್ಗ ಇಲ್ಲ, ಬಡಿಗಿ ಇಲ್ಲ. ಯಾರ ಹೊಲಕ್ಕ ಹೋದ್ರೂ ಅದನ್ನ ಯಾರೂ ಹೊಡಿಯಂಗಿಲ್ಲ."

ಎಲ್ಲ ಕುರಿ ಮಾರುವಾಗ ಆ ಟಗರೊಂದು ಉಳಿದದ್ದು ಹಾಗೆ. ಅದು ದೇವರದು, ಮಾರಲು ಬರುವುದಿಲ್ಲ. ತಾಯಿ ಸತ್ತ ಮರಿಯನ್ನು ಮೈಲಮ್ಮ ಬಾಟಲಿ ಹಾಲು ಕುಡಿಸಿ ಸಾಕಿದ್ದಳಂತೆ. ಈಗ ಅದು ಕುರಿ ಇಲ್ಲದ ಊರಿನಲ್ಲಿ ಒಂದೇ ಟಗರಾಗಿ ತಿರುಗುತ್ತಿತ್ತು. ಜತೆಗೆ ಇನ್ನೊಂದು ಸಿಕ್ಕಿದ್ದು ಬಾಗಿಲಲ್ಲಿ ಮಾತ್ರ.

"ಸೋಮವಾರ ಗೃಹಪ್ರವೇಶ," ಎಂದರು ಬಂಗಾರಪ್ಪನವರು. "ದಾವಣಗೆರಿಯಿಂದ ದುರುಗೇಶನ ಬೀಗರು ಬರ್ತಾರ. ಅಷ್ಟರಾಗ ಬಾಗಿಲ ಮೊದಲಿನಂಗ ಆಗಬೇಕು. ಆಮ್ಯಾಲ ಆ ಟಗರು ಇನ್ನೊಂದ್ ಸಲ, ಒಂದ ಸಲ, ಗುದ್ದಿದ್ರ ಕಾಳಗದವರಿಗೆ ಕೊಟ್ಟು ಕಳಸ್ತೀನಿ. ಅವ್ರು ಆಗ್ಲೆ ಬಂದು ಕೊಂಬು ನೋಡಿ ಹೋಗ್ಯಾರ."

"ದೇವ್ರದ್ದಲೇ ಅದು," ಎಂದಳು ಮೈಲಮ್ಮ. "ಕಾಳಗದಾಗ ತಲಿ ಒಡದು ಸಾಯತೈತಿ."

"ದೇವ್ರಿಗೆ ಬೆಳ್ಳಿ ಟಗರು ಮಾಡಿಸಿ ಕೊಡ್ತೀನಿ ಬಿಡಬೇ. ಬೆಳ್ಳಿದು ಗುದ್ದಂಗಿಲ್ಲ. ಹಿಕ್ಕಿ ಹಾಕಂಗಿಲ್ಲ. ದೇವ್ರಿಗೂ ಅದಾ ಚೊಲೋ."

ದೇವರ ಕೊಟ್ಟಿಗೆ ಗುಡಿಸುವ ಕಷ್ಟವನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡ ಭಕ್ತರನ್ನು ನಾನು ಬೇರೆ ಕಂಡಿಲ್ಲ.

"ಅಣ್ಣಾರ, ಒಂದ್ ಮಾತು ಹೇಳ್ಲೇನ್ರಿ?" ಎಂದೆ. "ಹೊಳಪು ಬ್ಯಾಡ. ಮ್ಯಾಟ್ ಹೊಡಿತೀನಿ. ನೋಡಾಕ ಚಂದ ಇರತೈತಿ, ಟಗರಿಗೆ ತನ್ನ ಮಾರಿ ಕಾಣಂಗಿಲ್ಲ. ನಿಮ್ಮ ಬಾಗಿಲೂ ಉಳಿತೈತಿ, ಟಗರೂ ಉಳಿತೈತಿ."

ಬಂಗಾರಪ್ಪನವರು ನನ್ನನ್ನು ಕನಿಕರದಿಂದ ನೋಡಿದರು. "ಮ್ಯಾಟ್ ಅಂದ್ರ ಬಡವರ ಬಾಗಿಲವ್ವ. ಬೀಗರು ನನ್ನ ಬಾಗಿಲಾಗ ಮಾರಿ ನೋಡ್ಕೊಂಡು ಒಳಗ ಬರಬೇಕು. ಕನ್ನಡಿ ಅಂದ್ರ ಕನ್ನಡಿ."

ಒಂದು ಟಗರು ಬಾಗಿಲಲ್ಲಿ ತನ್ನ ಮುಖ ಕಂಡು ಮತಿಗೆಟ್ಟಿತು ಎಂದು ಬೈಯುವವರು ಇವರು.

ಬಾಗಿಲಿಳಿಸಿ ಅವರು ಹೊರಟರು. ಮೈಲಮ್ಮ ಹೊರಡಲಿಲ್ಲ. "ಬಾಗಿಲ ಆಗೋತನ ನಾ ಇಲ್ಲೇ ಇರತೀನಿ," ಎಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಬಂಗಾರಪ್ಪನವರಿಗೂ ಹೊಸ ಮನೆಯಲ್ಲಿ ಹಳೇ ಕಂಬಳಿ ಕಾಣದಿದ್ದರೆ ಒಳ್ಳೆಯದೇ ಅನ್ನಿಸಿರಬೇಕು. ನಾಳೆ ಸಂಜೆ ಬರುತ್ತೇನೆಂದು ಟೆಂಪೊ ಹತ್ತಿದರು. ನನ್ನ ಅತ್ತೆ ಲಾಲ್ ಬೀ ಆಕೆಗೆ ಚಹಾ ಕೊಟ್ಟರು, ಮಂಡಕ್ಕಿ ಮೆಣಸಿನಕಾಯಿ ಕೊಟ್ಟರು. ಚಹಾ ಮುಗಿಯುವಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಮಂಡಿನೋವು ಹಂಚಿಕೊಂಡು ಗೆಳತಿಯರಾಗಿದ್ದರು. ನನಗೆ ಒಬ್ಬ ಅತ್ತೆಯೇ ಸಾಕಾಗಿತ್ತು. ಈಗ ಪಡಸಾಲೆಯಲ್ಲಿ ಇಬ್ಬರು.

ನಾನು ಪಾಲಿಷ್ ಕೆರೆಯಲು ಕೂತೆ. ನನ್ನದೇ ಪಾಲಿಷ್, ಹೊಡೆದು ಇನ್ನೂ ಹಳತಾಗಿರಲಿಲ್ಲ. ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಹಲಗೆ ಬೋಳಾದ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಚುಂಯ್ ಎಂದಿತು. ಮೈಲಮ್ಮ ಸರಿದು ಹತ್ತಿರ ಬಂದಳು.

"ಕಡದು ಕೊಯ್ದ ಕಟಿಗಿ, ಇನ್ನೂ ನೀರು ಕುಡಿತೈತೇನವ್ವ?"

"ಕುಡಿತೈತ್ರಿ. ಅದಕಾ ಎದ್ದು ಬರತೈತಿ."

ಬಟ್ಟೆ ಎತ್ತಿದೆ. ತಗ್ಗು ಅರ್ಧ ತುಂಬಿತ್ತು. ಮುದುಕಿ ಬೆರಳಿನಿಂದ ಸವರಿ ನೋಡಿ, "ಆಹಾ" ಎಂದಳು. ಮತ್ತೆ ಒದ್ದೆ ಮಾಡಿದೆ, ಮತ್ತೆ ಪೆಟ್ಟಿಗೆ ಇಟ್ಟೆ. ಸೊಂಟ ಹಿಡಿದುಕೊಂಡಿತ್ತು. ಒಳಗೆ ಹಾಲು ಉಕ್ಕಿದ ವಾಸನೆ ಬರುತ್ತಿತ್ತು.

"ನಮ್ಮ ಹಳೇ ಮನಿ ಬಾಗಿಲಿಗೆ ಹಬ್ಬಕ್ಕೊಮ್ಮಿ ಎಣ್ಣಿ ಅರಿಷಿಣ ಹಚ್ಚತಿದ್ವಿ," ಎಂದಳು ಮೈಲಮ್ಮ. "ಕರ್‍ರಗ ಆಗಿತ್ತು. ಅದರ ಮುಂದ ಟಗರು ಮಲಕ್ಕೊಂಡಿರತಿತ್ತು. ಇದಕೂ ಹಚ್ಚೋದೇನವ್ವ?"

"ಎಣ್ಣಿ ಕೈ ಸೈತ ಮುಟ್ಟಿಸಬ್ಯಾಡ್ರಿ ಇದಕ!" ಎಂದೆ. ದಣಿದಾಗ ನನ್ನ ದನಿ ಏರುತ್ತದೆ. "ಬೋಳು ಕಟಿಗಿ ಎಣ್ಣಿ ಕುಡೀತು ಅಂದ್ರ ಮುಗೀತು. ಮ್ಯಾಲ ಪಾಲಿಷ್ ಹಿಡಿಯಂಗಿಲ್ಲ. ನಾಳಿ ಮತ್ತ ತಗ್ಗು ಬಿದ್ರ ಇಸ್ತ್ರಿ ಇಟ್ರೂ ಏಳಂಗಿಲ್ಲ, ನೀರು ಒಳಗ ಹೋಗಬೇಕಲ್ಲ?"

"ಒಟ್ಟಾ ಹೊಳಿಯಂಗಿಲ್ಲ?"

"ಒಟ್ಟಾ ಹೊಳಿಯಂಗಿಲ್ಲ."

"ಹಂಗಾರ ಮುಟ್ಟಬಾರದು," ಎಂದು ಮುದುಕಿ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು. ಒಬ್ಬರಾದರೂ ನನ್ನ ಮಾತು ಕೇಳಿದರಲ್ಲ ಎಂದುಕೊಂಡೆ.

ಮರುದಿನ ಹಲಗೆ ಒಣಗಿತ್ತು. ಉಪ್ಪುಕಾಗದ ತಿಕ್ಕಿ ಮಟ್ಟ ಮಾಡಿದೆ. ತಗ್ಗು ಎಲ್ಲಿತ್ತೆಂದು ನಾನೇ ಹುಡುಕಬೇಕಾಗಿತ್ತು. ಮೊದಲ ಕೋಟು ಹೊಡೆಯುವ ಮೊದಲೇ ಅಫ್ರೀನಳ ಶಾಲೆಯ ಪೋಷಕರ ಸಭೆಗೆ ಹೊತ್ತಾಯಿತು. ಹೋಗಿ ಬೆಂಚಿನ ಮೇಲೆ ಕೂತೆ. ಮಕ್ಕಳಿಗೆ ಸಮಯ ಕೊಡಿ, ಅವರ ಜೊತೆ ಆಟವಾಡಿ ಎಂದು ಒಬ್ಬರು ಮೈಕಿನಲ್ಲಿ ಬಹಳ ಹೊತ್ತು ಹೇಳಿದರು. ಆ ಹೊತ್ತನ್ನು ನನಗೇ ಕೊಟ್ಟಿದ್ದರೆ ಆಡಬಹುದಿತ್ತು. ಅಫ್ರೀನ್ ನನ್ನ ಭುಜಕ್ಕೆ ಒರಗಿ, "ಅಮ್ಮಿ, ನಿನ್ನ ಕೂದಲಾಗ ಕಟಿಗಿ ಹಿಟ್ಟೈತಿ" ಎಂದು ಒಂದೊಂದೇ ಹೆಕ್ಕಿ ತೆಗೆದಳು.

ಮನೆಗೆ ಬಂದರೆ ಪಡಸಾಲೆಯಲ್ಲಿ ಊದುಬತ್ತಿಯ ಹೊಗೆ.

ಸ್ಟ್ಯಾಂಡಿನ ಮೇಲೆ ಬಾಗಿಲು ಹಳದಿಯಾಗಿ ಮಲಗಿತ್ತು. ಆನೆಗೆ ಅರಿಶಿನ, ನವಿಲಿಗೆ ಅರಿಶಿನ, ಕೆಳಗಿನ ಹಲಗೆಗಂತೂ ಮದುಮಗಳಿಗೆ ಹಚ್ಚಿದ ಹಾಗೆ ಅಂಗೈಯಿಂದ ತೀಡಿ ತೀಡಿ ಎಣ್ಣೆ ಅರಿಶಿನ. ನಡುವೆ ಸಾಲಾಗಿ ಕುಂಕುಮದ ಬೊಟ್ಟು, ನಮ್ಮ ಹಿತ್ತಲಿನ ದಾಸವಾಳ. ಊದುಬತ್ತಿ ಅತ್ತೆಯದು, ದರ್ಗಾಕ್ಕೆಂದು ತೆಗೆದಿಟ್ಟದ್ದು. ಪಕ್ಕದಲ್ಲಿ ನಮ್ಮ ಅಡುಗೆಮನೆಯ ಶೇಂಗಾ ಎಣ್ಣೆಯ ಡಬ್ಬಿ ಬೋರಲಾಗಿ ಬಿದ್ದಿತ್ತು.

"ಅತ್ತೀ!" ಎಂದೆ.

"ನನ್ನ ಯಾಕ ನೋಡ್ತಿ?" ಎಂದರು ಲಾಲ್ ಬೀ. "ಪೂಜಿ ಮಾಡಬೇಕು, ಎಣ್ಣಿ ಕೊಡವ್ವ ಅಂದ್ಳು. ಮನಿಗೆ ಬಂದಾಕಿ ದೇವ್ರ ಹೆಸರೇಳಿ ಕೇಳಿದ್ರ ಇಲ್ಲ ಅಂತ ಹೆಂಗ ಅನ್ಲಿ?"

ಮೈಲಮ್ಮನ ಕಡೆ ತಿರುಗಿದೆ. "ನಿನ್ನೆ ನಾ ಅಷ್ಟು ಬಡಕೊಂಡು ಹೇಳಿದ್ನಲ್ಲ?"

"ನೀ ಹೇಳಿದ್ದಕಾ ಹಚ್ಚೀನವ್ವ," ಎಂದಳು. ಮೊಣಕೈವರೆಗೂ ಹಳದಿಯಾಗಿದ್ದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. "ಒಟ್ಟಾ ಹೊಳಿಯಂಗಿಲ್ಲ ಅಂದ್ಯಲ್ಲ."

"ಮತ್ತ ಗುದ್ದಿದ್ರ ನನ್ನ ಕೈಲೂ ಎತ್ತಾಕ ಆಗಂಗಿಲ್ಲ, ಗೊತ್ತೈತೇನು? ಆಗ ನಿಮ್ಮ ಮಗ ಟಗರನ್ನ ಬಿಡತಾನೇನು?"

"ಗುದ್ದಂಗಿಲ್ಲ. ಎದುರಿಗೆ ಯಾರೂ ಕಾಣದಿದ್ರ ಯಾರನ್ನ ಗುದ್ದತಾನವ್ವ ಅಂವ?"

ನನಗೆ ಸಿಟ್ಟು ಬರಬೇಕಿತ್ತು. ಬಂತು. ಎರಡು ದಿನದ ಕೆಲಸ, ಮನೆಯ ಎಣ್ಣೆ, ಎರಡೂ ಒಂದೇ ಹಲಗೆ ಕುಡಿದಿತ್ತು. ಆದರೆ ಆ ಸಿಟ್ಟು ಎದ್ದು ನಿಲ್ಲುವಷ್ಟರಲ್ಲಿ ಹೊರಗೆ ಟೆಂಪೊ ನಿಂತ ಸದ್ದಾಯಿತು.

ಬಂಗಾರಪ್ಪನವರು ಮೆಟ್ಟಿಲ ಮೇಲೇ ನಿಂತುಬಿಟ್ಟರು. "ಏನಿದು? ನನ್ನ ಬಾಗಿಲ ಏನ್ ಮಾಡೀರಿ?"

"ನಿಮ್ಮ ತಾಯಿ ಪೂಜಿ ಮಾಡ್ಯಾರ."

"ಯವ್ವಾ! ನಿನಗ ತಲಿ ಐತೇನಬೇ? ನಾಡದು ಬೀಗರು..." ನನ್ನ ಕಡೆ ತಿರುಗಿದರು. "ತಗೀರಿ. ಎಣ್ಣಿ ತಗೀರಿ. ಏನರ ಮಾಡ್ರಿ. ಔಷಧ ಇರತೈತಲ್ಲ ಇದಕ?"

ಇತ್ತು. ಥಿನ್ನರಿನಲ್ಲಿ ಒರೆಸಿ, ಬಿಸಿಲಿಗೆ ಹಿಡಿದು, ಮತ್ತೆ ಒರೆಸಿದರೆ ಹೊಸ ಎಣ್ಣೆ ಬಹುಮಟ್ಟಿಗೆ ಬಿಡುತ್ತದೆ. ಮೈಲಮ್ಮನಿಗೆ ನಾನು ಅದನ್ನು ಹೇಳಿರಲಿಲ್ಲ. ಥಿನ್ನರಿನ ಡಬ್ಬಿ ಕಪಾಟಿನಲ್ಲಿ ನನ್ನ ತಲೆಯ ಹಿಂದೆಯೇ ಇತ್ತು. ಮುದುಕಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಈಗ ಮೊದಲ ಸಲ ಅವಳ ಮುಖದಲ್ಲಿ ಹೆದರಿಕೆ ಕಂಡೆ.

ನಾನು ಡಬ್ಬಿ ಇಳಿಸಿದೆ. ಒಂದು ಬಟ್ಟೆ ತೆಗೆದೆ. ಎರಡನ್ನೂ ಬಂಗಾರಪ್ಪನವರ ಕೈಗೆ ಕೊಟ್ಟೆ.

"ಇದ ಔಷಧ. ನೀವಾ ಒರಸ್ರಿ."

"ನಾನಾ?"

"ಮತ್ತ? ನಾ ಸಾಬರಾಕಿ. ಗೃಹಪ್ರವೇಶದ ಬಾಗಿಲಿಗೆ ನಿಮ್ಮ ತಾಯಿ ಇಟ್ಟ ಕುಂಕುಮ ನಾ ಒರಸಿದ್ನಿ ಅಂತ ನಾಳಿ ಮಾತು ಬರಬಾರದು. ನೀವು ಒರಸ್ರಿ. ಒರಸಿ ಕೊಟ್ರ ನಾ ಕನ್ನಡಿ ಮಾಡಿಕೊಡತೀನಿ."

ಅವರು ಬಟ್ಟೆ ಹಿಡಿದು ಬಾಗಿಲ ಹತ್ತಿರ ಹೋದರು. ಕೈ ಕುಂಕುಮದ ಮೇಲೆ ಬಂತು, ನಿಂತಿತು. ದೇವರ ಟಗರನ್ನು ಬೆಳ್ಳಿಗೆ ಬದಲಾಯಿಸಲು ಹೊರಟಿದ್ದ ಮನುಷ್ಯ ಒಂದು ಚಿಟಿಕೆ ಕುಂಕುಮದ ಮುಂದೆ ಬೆವರುತ್ತಿದ್ದರು.

ಅಷ್ಟರಲ್ಲಿ ಹಿಂದಿನಿಂದ ದುರುಗೇಶ ಬಂದ. ಬಾಗಿಲ ಫೋಟೊ ಹೊಡೆದ. "ಅಪ್ಪಾಜಿ, ಇದಕ ಆಂಟಿಕ್ ಲುಕ್ ಅಂತಾರ. ಈಗ ಇದಾ ಫ್ಯಾಷನ್ನು. ಫೋನ್ನಾಗ ನೋಡೀನಿ."

"ಹೌದೇನು?" ಬಂಗಾರಪ್ಪನವರು ಬಟ್ಟೆಯನ್ನು ಕೆಳಗಿಟ್ಟ ರಭಸ ನೋಡಬೇಕಿತ್ತು. "ದೊಡ್ಡವರು ಮಾಡಿಸ್ತಾರೇನು?"

"ದೊಡ್ಡವರ ಮಾಡಸೋದು."

ಇಡೀ ಬಾಗಿಲ ವ್ಯವಹಾರದಲ್ಲಿ ಆ ಫೋನು ಮಾಡಿದ ಒಂದೇ ಉಪಕಾರ ಅದು. ನಾನು ಹೆಚ್ಚಿನ ಎಣ್ಣೆ ಒತ್ತಿ ತೆಗೆದು, ಕುಂಕುಮ ಇದ್ದಲ್ಲೇ ಬಿಟ್ಟು, ಒಣ ಬಟ್ಟೆಯಲ್ಲಿ ತಿಕ್ಕಿ ಕಳಿಸಿದೆ. ಟೆಂಪೊ ಹೊರಟಾಗ ಮೈಲಮ್ಮ ಹಿಂದೆ ಬಾಗಿಲ ಪಕ್ಕ ಕೂತು ಅತ್ತೆಗೆ ಕೈ ಬೀಸಿದಳು. ಅತ್ತೆಯೂ ಬೀಸಿದರು. ಆ ರಾತ್ರಿ ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲದ ಸಾರು.

ಸೋಮವಾರ ಬಾಗಿಲು ಕೂರಿಸಲು ಸರ್ಫರಾಜನ ಜೊತೆ ನಾನೂ ಹೊಸಹಳ್ಳಿಗೆ ಹೋದೆ. ಬಿಸಿಲು ಅಂಗಳಕ್ಕೆ ಬೀಳುವ ಮೊದಲೇ ಬಾಗಿಲು ಚೌಕಟ್ಟಿನಲ್ಲಿ ನಿಂತಿತ್ತು. ದಾವಣಗೆರೆಯ ಬೀಗರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದರು. ಟಗರು ಬಂತು. ನಾನು ಅದನ್ನು ಕಂಡದ್ದು ಅದೇ ಮೊದಲು. ಕರಿ ಮೈ, ಸುರುಳಿ ಕೊಂಬು, ಊರೆಲ್ಲ ತನ್ನದೆಂಬ ನಡಿಗೆ. ಕುರಿ ಮಾರಿದ ಬಂಗಾರಪ್ಪನವರಿಗೆ ಆ ನಡಿಗೆ ಬಂದಿದ್ದು ಇದನ್ನು ನೋಡಿಯೇ ಇರಬೇಕು.

ಅದು ಬಾಗಿಲ ಎದುರು ನಿಂತು ಹಿಂದೆ ಒಂದು ಹೆಜ್ಜೆ ಸರಿಯಿತು. ಬಂಗಾರಪ್ಪನವರ ಕೈ ಉಪ್ಪಿಟ್ಟಿನ ತಟ್ಟೆಯಲ್ಲೇ ನಿಂತಿತು. ಮೈಲಮ್ಮ ತುಳಸಿಕಟ್ಟೆಯ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ಬಿಸಿಲು ಹಲಗೆಗೆ ಬಿತ್ತು. ಹಲಗೆ ಹಾಗೇ ಮಂಕಾಗಿ, ಹಳದಿಯಾಗಿ ನಿಂತಿತ್ತು. ಟಗರು ಸ್ವಲ್ಪ ಹೊತ್ತು ಎದುರಾಳಿಗಾಗಿ ಕಾಯಿತು. ಆಮೇಲೆ ಹತ್ತಿರ ಹೋಗಿ ಮೂಸಿತು. ಎಣ್ಣೆ ನೆಕ್ಕಿತು. ಅರಿಶಿನಕ್ಕೆ ಸೀನಿತು. ಹೊಸ್ತಿಲಿಗೆ ಅಡ್ಡ ಕಾಲು ಮಡಿಸಿ ಮಲಗಿತು. ಬೀಗರು ಒಳಗೆ ಹೋಗಲು ಅದನ್ನು ದಾಟಬೇಕಾಯಿತು.

"ಬಾಗಿಲು ಬಾಳ ಚೆನ್ನಾಗೈತೆ," ಎಂದರು ಬೀಗರು. "ಹಳೇ ಕಾಲದ್ದಾ?"

"ಆಂಟಿಕ್ ಲುಕ್," ಎಂದರು ಬಂಗಾರಪ್ಪನವರು. ಉಪ್ಪಿಟ್ಟು ಮತ್ತೆ ಬಾಯಿಗೆ ಹೋಗುತ್ತಿತ್ತು. "ಸ್ಪೆಷಲ್ ಹೇಳಿ ಮಾಡಿಸೀನ್ರಿ. ಕನ್ನಡಿ ಹೊಳಪು ಈಗ ಬಡವರೂ ಹಾಕಸ್ತಾರ."

ಸರ್ಫರಾಜ "ಹೌದ್ರಿ, ಹೌದ್ರಿ" ಎಂದು ನಕ್ಕ. ನಾನು ಚೀಲಕ್ಕೆ ಉಳಿ, ಸ್ಕ್ರೂಡ್ರೈವರ್ ತುಂಬುತ್ತಿದ್ದೆ. ಆಗ ಗೇಟಿನ ಹತ್ತಿರ ಹಾರನ್ ಆಯಿತು. ದುರುಗೇಶ ಹೊಸ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಕಪ್ಪು ಕಾರು, ಮುಂದೆ ಕೆಂಪು ರಿಬ್ಬನ್ನು. ಅದರ ಬಾಗಿಲುಗಳಲ್ಲಿ ಇಡೀ ಅಂಗಳ, ಬೀಗರು, ಚಪ್ಪರ, ಎಲ್ಲ ಕಾಣುತ್ತಿತ್ತು.

ಟಗರು ಹೊಸ್ತಿಲ ಮೇಲಿಂದ ತಲೆ ಎತ್ತಿತು.

ನಾನು ಮೈಲಮ್ಮನನ್ನು ಹುಡುಕಿದೆ. ತುಳಸಿಕಟ್ಟೆಯ ಹತ್ತಿರ ಇರಲಿಲ್ಲ. ಅಡುಗೆಯವರ ಹತ್ತಿರದಿಂದ ಎಣ್ಣೆಯ ಬಟ್ಟಲು, ಅರಿಶಿನದ ಪೊಟ್ಟಣ ಇಸಿದುಕೊಂಡು, ಆಗಲೇ ಕಾರಿನ ಕಡೆ ಬಿರಬಿರನೆ ನಡೆದಿದ್ದಳು.